ಕೈಯಿಂದ ಕೈಗೆ ದಾಟಿದ ಆಟ

ಹಳೆಯ ಸಿನಿಮಾ ಹಾಡು, ಅಜ್ಜಿಯ ಕೈರುಚಿ, ರೇಡಿಯೋದ ವಾರ್ತೆಗಳ ಸುತ್ತ ಇದ್ದ ಹಳಹಳಿಕೆ ಈಗ ವೀಡಿಯೋ ಗೇಮಿನ ಕ್ಯಾಸೆಟ್‌ಗಳ ತನಕ ಬಂದಿದೆ. ನಲವತ್ತು ದಾಟಿದವರು ಒಂದೆಡೆ ಸೇರಿದರೆ ಸಾಕು, ಮಾರಿಯೋ, ಕಾಂಟ್ರಾ, ಬಾಂಬರ್‌ಮ್ಯಾನ್ ಎಂದು ಹೆಸರುಗಳು ಉದುರುತ್ತವೆ. ಸಿ.ಡಿ. ಬಂದ ಮೇಲೆ ಆಟದ ಸೊಗಸೇ ಹೋಯಿತು ಎಂಬ ನಿಟ್ಟುಸಿರೂ ಕೇಳುತ್ತದೆ. ಈ ನಿಟ್ಟುಸಿರು ನಿಜವಾಗಿ ಯಾವುದಕ್ಕಾಗಿ? ಸ್ವಲ್ಪ ನಿಷ್ಠುರವಾಗಿ ನೋಡಬೇಕಾಗಿದೆ.

ಮೊದಲಿಗೆ ಹೆಸರನ್ನೇ ನೋಡೋಣ. ನಾವು ಕ್ಯಾಸೆಟ್ ಎನ್ನುತ್ತಿದ್ದ ಆ ಪ್ಲಾಸ್ಟಿಕ್ ಡಬ್ಬಿಯೊಳಗೆ ಟೇಪು ಇರಲಿಲ್ಲ. ಇದ್ದದ್ದು ಚಿಕ್ಕದೊಂದು ಸರ್ಕ್ಯೂಟ್ ಹಲಗೆ, ಅದರ ಮೇಲೆ ಆಟವನ್ನು ಕೊರೆದಿಟ್ಟ ಚಿಪ್. ಅದರ ನಿಜವಾದ ಹೆಸರು ಕಾರ್ಟ್ರಿಜ್. ಜಪಾನಿನ ನಿಂಟೆಂಡೋ ಕಂಪನಿ 1983ರ ಜುಲೈಯಲ್ಲಿ ಫ್ಯಾಮಿಕಾಂ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದರ ಕಾರ್ಟ್ರಿಜ್‌ಗೆ 60 ಪಿನ್ನುಗಳು. 1985ರಲ್ಲಿ ಬಂದ ಸೂಪರ್ ಮಾರಿಯೋ ಬ್ರದರ್ಸ್ ಆಟದ ಗಾತ್ರ ಬರೇ 40 ಕಿಲೋಬೈಟ್. ಇಂದು ಮೊಬೈಲಿನಲ್ಲಿ ತೆಗೆಯುವ ಒಂದು ಸಾಧಾರಣ ಫೋಟೋ ಇದರ ಹತ್ತಾರು ಪಟ್ಟು ಇರುತ್ತದೆ.

ಆದರೆ ಮಂಡಿ ಮೊಹಲ್ಲಾದಂಥ ಬೀದಿಗಳಿಗೆ ಬಂದದ್ದು ಆ ಫ್ಯಾಮಿಕಾಂ ಅಲ್ಲ, ಅದರ ನಕಲು. ಮೀಡಿಯಾ ಮುಂತಾದ ಹೆಸರಿನ ಯಂತ್ರಗಳು ತೊಂಬತ್ತರ ದಶಕದಲ್ಲಿ ನಮ್ಮ ಮಧ್ಯಮ ವರ್ಗದ ಮನೆ ಹೊಕ್ಕವು. ಕೆಲವು ಗಲ್ಫಿನಿಂದ ರಜೆಗೆ ಬಂದವರ ಪೆಟ್ಟಿಗೆಯಲ್ಲೂ ಬಂದವು. ಕಾರ್ಟ್ರಿಜ್‌ಗಳಂತೂ ಬಹುಪಾಲು ನಕಲಿಯೇ. ಒಂದರಲ್ಲೇ 9999 ಆಟಗಳು ಎಂದು ಮೇಲೆ ಅಚ್ಚಾಗಿರುತ್ತಿತ್ತು. ಒಳಗೆ ಬೆರಳೆಣಿಕೆಯ ಆಟಗಳೇ ಬೇರೆ ಬೇರೆ ಹೆಸರಿನಲ್ಲಿ ಸಾಲಾಗಿ ನಿಂತಿರುತ್ತಿದ್ದವು. ಹೀಗಾಗಿ ನಮ್ಮಲ್ಲಿ ಕಾರ್ಟ್ರಿಜ್ ಅಸಲಿ, ಸಿ.ಡಿ. ಬಂದ ಮೇಲೆ ಎಲ್ಲ ನಕಲಿ ಎಂಬ ವಾದ ನಿಲ್ಲುವುದಿಲ್ಲ. ಚಿಪ್ ಹಾಕಿಸಿದ ಪ್ಲೇಸ್ಟೇಷನ್‌ನಲ್ಲಿ ತಿರುಗಿದ ಕಳ್ಳ ಸಿ.ಡಿ. ಆ ಕಾರ್ಟ್ರಿಜ್‌ನ ತಮ್ಮನೇ ಹೊರತು ವೈರಿಯಲ್ಲ.

ಕಾರ್ಟ್ರಿಜ್ ಗಟ್ಟಿ ಎಂಬುದು ನಿಜ. ಸಿಕ್ಕಿಸಿದ ಕೂಡಲೇ ಆಟ ಶುರುವಾಗುತ್ತಿತ್ತು, ಸಿ.ಡಿ.ಯ ಹಾಗೆ ಕಾಯಬೇಕಿರಲಿಲ್ಲ, ಗೀರು ಬೀಳುವ ಭಯವಿರಲಿಲ್ಲ. ಆದರೆ ಊದಿದರೆ ಸರಿಹೋಗುತ್ತದೆ ಎಂಬ ನಮ್ಮ ನಂಬಿಕೆ ಬರೀ ನಂಬಿಕೆಯೇ. ತೆಗೆದು ಮತ್ತೆ ಸಿಕ್ಕಿಸಿದಾಗ ಪಿನ್ನುಗಳು ಸರಿಯಾಗಿ ತಾಗುತ್ತಿದ್ದುದರಿಂದ ಆಟ ಮೂಡುತ್ತಿತ್ತು. ಉಸಿರಿನ ತೇವ ಲೋಹಕ್ಕೆ ಹಾನಿಯನ್ನೇ ಮಾಡುತ್ತಿತ್ತು.

ಇನ್ನು ಸಿ.ಡಿ. ಏಕೆ ಗೆದ್ದಿತು? ಚಿಪ್‌ನ ಖರ್ಚು ಹೆಚ್ಚು, ಜಾಗ ಕಡಿಮೆ. ನಿಂಟೆಂಡೋ 1996ರಲ್ಲಿಯೂ ತನ್ನ ಹೊಸ ಯಂತ್ರಕ್ಕೆ ಕಾರ್ಟ್ರಿಜ್‌ಅನ್ನೇ ನೆಚ್ಚಿಕೊಂಡಿತು. ಅದರ ಅತಿ ದೊಡ್ಡ ಕಾರ್ಟ್ರಿಜ್ 64 ಮೆಗಾಬೈಟ್. ಸೋನಿಯ ಪ್ಲೇಸ್ಟೇಷನ್ ಬಳಸುತ್ತಿದ್ದ ಸಿ.ಡಿ.ಯಲ್ಲಿ ಸುಮಾರು 650 ಮೆಗಾಬೈಟ್ ಹಿಡಿಯುತ್ತಿತ್ತು. 1997ರಲ್ಲಿ ಫೈನಲ್ ಫ್ಯಾಂಟಸಿಯ ಏಳನೇ ಆಟ ಮೂರು ಸಿ.ಡಿ.ಗಳಲ್ಲಿ ಬಂತು. ಅಷ್ಟು ದೊಡ್ಡ ಕಥೆಗೆ ಕಾರ್ಟ್ರಿಜ್‌ನಲ್ಲಿ ಜಾಗವಿರಲಿಲ್ಲ. ಕಥೆ ಬರೆಯುವ ನನಗೆ ಇದು ಮುಖ್ಯವೆನಿಸುತ್ತದೆ. ಹಳೆಯದನ್ನು ಹಾಡಿ ಹೊಗಳುವ ಭರದಲ್ಲಿ ಹೊಸದು ಕೊಟ್ಟದ್ದನ್ನು ಮರೆಯುವುದು ನ್ಯಾಯವಲ್ಲ.

ಈ ಹಂಬಲದ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಇವು ಬಹುಮಟ್ಟಿಗೆ ಗಂಡಸರ ನೆನಪುಗಳು. ಗಂಟೆಯ ಲೆಕ್ಕದಲ್ಲಿ ಆಡಿಸುತ್ತಿದ್ದ ಅಂಗಡಿಗಳಿಗೆ ನಮ್ಮ ಓಣಿಯ ಹುಡುಗಿಯರು ಕಾಲಿಡುವಂತಿರಲಿಲ್ಲ. ನಮಗೆ ಆಟ ದಕ್ಕಿದ್ದು ಕಾರ್ಟ್ರಿಜ್ ಮನೆಗೆ ಬಂದಾಗ ಮಾತ್ರ, ಅದೂ ಶುಕ್ರವಾರ ಮಧ್ಯಾಹ್ನ ಅಣ್ಣಂದಿರು ನಮಾಜಿಗೆ ಹೋದ ಹೊತ್ತಿನಲ್ಲಿ. ಅವರಿದ್ದಾಗ ಕೈಗೆ ಸಿಗುತ್ತಿದ್ದದ್ದು ಎರಡನೆಯ ಜಾಯ್‌ಸ್ಟಿಕ್. ಫ್ಯಾಮಿಕಾಂನ ಎರಡನೆಯ ಜಾಯ್‌ಸ್ಟಿಕ್‌ಗೆ ಸ್ಟಾರ್ಟ್ ಗುಂಡಿಯೇ ಇರಲಿಲ್ಲ, ನಮ್ಮ ನಕಲಿಯೂ ಹಾಗೆಯೇ ಇತ್ತು. ಆಟ ಯಾವಾಗ ಶುರುವಾಗಬೇಕು, ಯಾವಾಗ ನಿಲ್ಲಬೇಕು ಎಂಬುದು ಇನ್ನೊಬ್ಬರ ಕೈಯಲ್ಲಿತ್ತು. ಬಂಗಾರದ ಕಾಲ ಎಂದು ಯಾರಾದರೂ ಹೇಳಿದಾಗ, ಯಾರ ಪಾಲಿಗೆ ಎಂದು ಕೇಳಬೇಕೆನಿಸುತ್ತದೆ.

ಆದರೂ ಈ ಹಂಬಲವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಅದರ ತಿರುಳಿನಲ್ಲಿ ಒಂದು ಸತ್ಯವಿದೆ. ಕಾರ್ಟ್ರಿಜ್ ಓಣಿಯಲ್ಲಿ ತಿರುಗುತ್ತಿತ್ತು. ಒಬ್ಬರ ಕಾಂಟ್ರಾ ಇನ್ನೊಬ್ಬರ ಮಾರಿಯೋಗೆ ಬದಲಾಗುತ್ತಿತ್ತು. 1952ರಲ್ಲಿ ಅಲಹಾಬಾದಿನಿಂದ ಶುರುವಾದ ಇಬ್ನೆ ಸಫಿಯವರ ಜಾಸೂಸಿ ದುನಿಯಾ ಪುಸ್ತಕಗಳು ಉರ್ದು ಓದುಗರ ನಡುವೆ ಬಾಡಿಗೆ ಲೈಬ್ರರಿಗಳ ಮೂಲಕ ಕೈಯಿಂದ ಕೈಗೆ ದಾಟಿದವು. ಆಟಗಳೂ ಹಾಗೆಯೇ ದಾಟಿದವು. ಕೊಡು-ಕೊಳ್ಳುವಿಕೆಯಲ್ಲಿ ಜಗಳವಿತ್ತು, ಮುನಿಸಿತ್ತು, ಸಂಬಂಧವೂ ಇತ್ತು. ಸಿ.ಡಿ.ಯಲ್ಲೂ ಇದು ಮುಂದುವರಿಯಿತು. ಆದ್ದರಿಂದ ಗೆರೆ ಎಳೆಯಬೇಕಾದದ್ದು ಕಾರ್ಟ್ರಿಜ್ ಮತ್ತು ಸಿ.ಡಿ.ಗಳ ನಡುವೆ ಅಲ್ಲ. ಇನ್ನೊಬ್ಬರಿಗೆ ಕೊಡಬಹುದಾದ ವಸ್ತು ಒಂದು ಕಡೆ, ಕೊಡಲಾಗದ್ದು ಇನ್ನೊಂದು ಕಡೆ.

ವ್ಯಾಪಾರ ಈ ವ್ಯತ್ಯಾಸವನ್ನು ನಮಗಿಂತ ಮೊದಲೇ ಅರಿತಿದೆ. 2016ರಲ್ಲಿ ನಿಂಟೆಂಡೋ ತನ್ನ ಹಳೆಯ ಯಂತ್ರದ ಪುಟ್ಟ ಪ್ರತಿಕೃತಿಯನ್ನು 30 ಆಟ ತುಂಬಿಸಿ ಮಾರಿತು. ಅದಕ್ಕೆ ಯಾವ ಕಾರ್ಟ್ರಿಜ್‌ಅನ್ನೂ ಸಿಕ್ಕಿಸಲಾಗದು. 2018ರಲ್ಲಿ ಸೋನಿ ತಂದ ಪುಟ್ಟ ಪ್ಲೇಸ್ಟೇಷನ್‌ನಲ್ಲಿ 20 ಆಟಗಳಿದ್ದವು, ಸಿ.ಡಿ. ಹಾಕಲು ಮಾತ್ರ ಬರುತ್ತಿರಲಿಲ್ಲ. ಹಂಬಲದ ರೂಪವನ್ನು ಮಾರಿದರು, ಹಂಚಿಕೊಳ್ಳುವ ಬಾಗಿಲನ್ನು ಮುಚ್ಚಿದರು. 2025ರಲ್ಲಿ ಬಂದ ಸ್ವಿಚ್ 2ರ ಕೆಲವು ಕಾರ್ಡುಗಳಲ್ಲಿ ಆಟವೇ ಇಲ್ಲ, ಡೌನ್‌ಲೋಡ್ ಮಾಡಿಕೊಳ್ಳಲು ಬೇಕಾದ ಕೀಲಿ ಮಾತ್ರ ಇದೆ. ಆ ಕಾರ್ಡನ್ನು ಗೆಳೆಯನಿಗೆ ಕೊಡಬಹುದು, ನಿಜ. ಆದರೆ ಕಂಪನಿಯ ಸರ್ವರ್ ನಿಂತ ಮೇಲೆ ಹೊಸದಾಗಿ ಕೈಗೆತ್ತಿಕೊಂಡವನಿಗೆ ಅದು ಬರೀ ಪ್ಲಾಸ್ಟಿಕ್.

ಇದು ಬರೀ ಊಹೆಯಲ್ಲ. ಯೂಬಿಸಾಫ್ಟ್ ಕಂಪನಿಯು ದಿ ಕ್ರೂ ಎಂಬ ಕಾರು ಓಟದ ಆಟದ ಸರ್ವರ್‌ಗಳನ್ನು 2024ರ ಮಾರ್ಚ್ ಕೊನೆಗೆ ನಿಲ್ಲಿಸಿತು. ದುಡ್ಡು ಕೊಟ್ಟು ಡಿಸ್ಕ್ ಕೊಂಡವರಿಗೂ ಆಟ ಸಿಗದಾಯಿತು. 2010ಕ್ಕಿಂತ ಮೊದಲು ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇಕಡಾ 87ರಷ್ಟು ಮಾರುಕಟ್ಟೆಯಲ್ಲಿ ಸಿಗುತ್ತಿಲ್ಲ ಎಂದು ಅಲ್ಲಿನ ವೀಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಹೇಳಿತು. ಹೀಗೆ ಮಾರುಕಟ್ಟೆ ಕೈಬಿಟ್ಟವು ಇಂದೂ ಆಡಲು ಸಿಗುವುದು ಹೆಚ್ಚಾಗಿ ಯಾರೋ ಜೋಪಾನ ಮಾಡಿದ ಕಾರ್ಟ್ರಿಜ್, ಡಿಸ್ಕ್ ಮತ್ತು ಅವುಗಳಿಂದ ತೆಗೆದ ಪ್ರತಿಗಳಲ್ಲಿ.

ಕ್ಯಾಸೆಟ್ಟನ್ನು ನೆನೆಯುವವರು ಪ್ಲಾಸ್ಟಿಕ್ ಡಬ್ಬಿಯನ್ನಷ್ಟೇ ನೆನೆದರೆ ಅಂಗಡಿಯವರು ಮತ್ತೊಂದು ಡಬ್ಬಿಯನ್ನು ಮಾರಿ ಸುಮ್ಮನಾಗಿಸುತ್ತಾರೆ. ಕೊಂಡದ್ದನ್ನು ಇಟ್ಟುಕೊಳ್ಳುವ, ಎರವಲು ಕೊಡುವ, ಕೆಟ್ಟರೆ ಬಿಚ್ಚಿ ರಿಪೇರಿ ಮಾಡುವ ಹಕ್ಕನ್ನು ನೆನೆದರೆ ಆ ನೆನಪಿಗೆ ಕೆಲಸವಿದೆ. ಆ ಹಕ್ಕು ಈ ಸಲ ಎರಡನೆಯ ಜಾಯ್‌ಸ್ಟಿಕ್ ಹಿಡಿದವರಿಗೂ ಸಿಗಬೇಕು. ಇಂದಿನ ಮಕ್ಕಳು ನಲವತ್ತಾದಾಗ ತಮ್ಮ ತಂಗಿಗೋ ಮಗಳಿಗೋ ತಮ್ಮ ಆಟವನ್ನು ಕೊಡಲು ಬಯಸಿದರೆ, ಅವರ ಕೈಯಲ್ಲಿ ಏನಿರುತ್ತದೆ?