ಒಂದೂವರೆ ನಿಮಿಷದ ಕೇದರ

ಅಂಜಲ್ ಕಾಯಿಸಿ ಪಳಗಿದ ಕೈಗೆ ಟ್ಯೂನಾ ಬೇಗ ಒಗ್ಗುವುದಿಲ್ಲ. ಹೋಳಿಗೆ ಮಸಾಲೆ ಹಚ್ಚಿ, ರವೆಯಲ್ಲಿ ಹೊರಳಿಸಿ, ನಡು ಉರಿಯಲ್ಲಿ ಎರಡೂ ಬದಿ ಗರಿಗರಿಯಾಗುವ ತನಕ ಕಾವಲಿಯ ಮೇಲೆ ಬಿಡುವುದು ನಮ್ಮ ಕರಾವಳಿಯ ಪದ್ಧತಿ. ಮೊದಲ ಸಲ ನಾನೂ ಹಾಗೇ ಮಾಡಿದ್ದೆ. ಹತ್ತು ನಿಮಿಷ ಕಳೆದು ತಟ್ಟೆಗೆ ಬಿದ್ದದ್ದು ಬೂದು ಬಣ್ಣದ, ಬಾಯಲ್ಲಿ ಪುಡಿಪುಡಿಯಾಗುವ ಒಣ ಮಾಂಸ. ಅಷ್ಟು ಒಳ್ಳೆಯ ಮೀನು ಹಾಳಾಯಿತಲ್ಲ ಎಂಬ ಬೇಸರ ಬಹಳ ದಿನ ಉಳಿಯಿತು.

ಈ ಮೀನಿನ ಮೈಯೇ ಬೇರೆ. ಉಸಿರಾಟಕ್ಕಾಗಿ ಅದು ಹುಟ್ಟಿನಿಂದ ಸಾವಿನವರೆಗೆ ಈಜುತ್ತಲೇ ಇರಬೇಕು. ಆ ದುಡಿಮೆಗೆ ಬೇಕಾದ ಆಮ್ಲಜನಕವನ್ನು ಹಿಡಿದಿಡುವ ಮಯೋಗ್ಲೋಬಿನ್ ಸ್ನಾಯುಗಳಲ್ಲಿ ತುಂಬಿಕೊಂಡಿರುತ್ತದೆ. ಹಾಗಾಗಿಯೇ ಮಾಂಸ ಆಡಿನದರಂತೆ ಕೆಂಪು. ಒಳಗಿನ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಎಳೆಗಳು ಬಿಗಿದು ರಸವನ್ನೆಲ್ಲ ಹಿಂಡಿ ಹಾಕುತ್ತವೆ. ಆದ್ದರಿಂದ ನನ್ನ ಲೆಕ್ಕದಲ್ಲಿ ಟ್ಯೂನಾ ಹೋಳಿಗೆ ಎರಡೇ ದಾರಿ: ಭಾರಿ ಬಿಸಿಯಲ್ಲಿ ಕ್ಷಣಹೊತ್ತು, ಇಲ್ಲವೇ ತೀರಾ ಸಣ್ಣ ಬಿಸಿಯಲ್ಲಿ ನಿಧಾನವಾಗಿ. ನಡು ಉರಿ ಇದಕ್ಕೆ ಶತ್ರು.

ಮೊದಲು ಕೊಳ್ಳುವ ಮಾತು. ಮಂಗಳೂರು, ಮಲ್ಪೆಯ ಕಡೆ ಟ್ಯೂನಾಕ್ಕೆ ಕೇದರ ಎನ್ನುತ್ತಾರೆ, ಹಾಗೆ ಕೇಳಿದರೆ ಹೆಚ್ಚಾಗಿ ಸಿಗುವುದು ಸಣ್ಣ ಜಾತಿಯದು. ಕಪ್ಪು ಮಾಂಸ ಜಾಸ್ತಿ, ವಾಸನೆಯೂ ಜೋರು. ಹುಳಿ ಖಾರ ಮುಂದಾಗಿರುವ ಗಸಿಗೆ ಅದೇ ಚೆಂದ. ಹೋಳಿಗೆ ಬೇಕಾದದ್ದು ಆಳ ಕಡಲಿನ, ಹಳದಿ ರೆಕ್ಕೆಯ ದೊಡ್ಡ ಟ್ಯೂನಾ. ಒಂದು ಅಂಗುಲಕ್ಕಿಂತ ತೆಳ್ಳಗೆ ಕತ್ತರಿಸಬೇಡಿ ಎಂದು ಹೇಳಿ, ನಡುವಿನ ಕಪ್ಪು ಪಟ್ಟಿಯನ್ನು ತೆಗೆಸಿಬಿಡಿ. ಹೊಳೆಯುವ ಗುಲಾಬಿ ಬಣ್ಣ ನೋಡಿ ಮರುಳಾಗಬೇಡಿ. ಕಾರ್ಬನ್ ಮಾನಾಕ್ಸೈಡ್ ಹಾಯಿಸಿದರೆ ಹಳೆಯ ಮೀನಿಗೂ ಆ ಬಣ್ಣ ನಿಲ್ಲುತ್ತದೆ. ಮೂಗನ್ನು ನಂಬಿ, ಮೀನು ಮಂಜುಗಡ್ಡೆಯ ನಡುವೆ ಇದೆಯೇ ನೋಡಿ, ಮನೆವರೆಗೂ ಮಂಜಿನಲ್ಲೇ ತನ್ನಿ. ಬಿಸಿಲಿಗೆ ಬಿದ್ದ ಟ್ಯೂನಾದಲ್ಲಿ ಹಿಸ್ಟಮಿನ್ ಹುಟ್ಟುತ್ತದೆ, ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ನಾಲಿಗೆಗೆ ಮೆಣಸು ತಾಗಿದಂತೆ ಚುರುಗುಟ್ಟಿದರೆ ಆ ತುತ್ತನ್ನು ಉಗಿದು ಉಳಿದದ್ದನ್ನು ಎಸೆಯಿರಿ.

ಮೊದಲ ದಾರಿಗೆ ದಪ್ಪ ಕಬ್ಬಿಣದ ಕಾವಲಿ ಬೇಕು. ಹೋಳಿಗೆ ಹದಿನೈದು ನಿಮಿಷ ಮುಂಚೆ ಉಪ್ಪು ಸವರಿಡಿ. ಬಿಟ್ಟ ನೀರನ್ನು ಬಟ್ಟೆಯಿಂದ ಪೂರ್ತಿ ಒರೆಸಿ, ಏಕೆಂದರೆ ಒದ್ದೆ ಹೋಳು ಕೆಂಪಾಗುವ ಮೊದಲೇ ಹಬೆಯಲ್ಲಿ ಬೆಂದುಹೋಗುತ್ತದೆ. ತರಿತರಿಯಾಗಿ ಕುಟ್ಟಿದ ಕಾಳುಮೆಣಸು, ಕೊತ್ತಂಬರಿ ಬೀಜವನ್ನು ಎರಡೂ ಬದಿ ಒತ್ತಿ. ಮೆಣಸಿನ ಪುಡಿ, ಬೆಳ್ಳುಳ್ಳಿ ಬೇಡ, ಆ ಬಿಸಿಗೆ ಸೀದು ಕಹಿಯಾಗುತ್ತವೆ. ಎಣ್ಣೆಯನ್ನು ಕಾವಲಿಗಲ್ಲ, ಹೋಳಿಗೇ ಸವರಿ. ಕಡಲೆಕಾಯಿ ಎಣ್ಣೆಯಾದರೆ ಒಳ್ಳೆಯದು. ಕಾವಲಿಯಿಂದ ಹೊಗೆಯ ಎಳೆ ಏಳುವಾಗ ಹೋಳಿಡಿ, ಅಲುಗಿಸಬೇಡಿ. ಒಂದೂವರೆ ನಿಮಿಷಕ್ಕೆ ಮಗುಚಿ, ಇನ್ನೊಂದು ಬದಿಗೂ ಅಷ್ಟೇ ಹೊತ್ತು. ಬದಿಯಿಂದ ನೋಡಿದರೆ ಮೇಲೆ ಕೆಳಗೆ ಬೂದು ಅಂಚು, ನಡುವೆ ಕೆಂಪು ಕಾಣಬೇಕು. ಇನ್ನೂ ಬೇಯಲಿ ಎಂದು ಮನಸ್ಸು ಎಳೆಯುತ್ತದೆ. ಆಗಲೇ ತೆಗೆಯಿರಿ. ಎರಡು ನಿಮಿಷ ಬಿಟ್ಟು, ಎಳೆಗೆ ಅಡ್ಡಲಾಗಿ ಬೆರಳ ದಪ್ಪಕ್ಕೆ ಕೊಯ್ಯಿರಿ. ಶುಂಠಿ, ಜೀರಿಗೆ ಮೆಣಸು, ಕೊತ್ತಂಬರಿ ಸೊಪ್ಪು ಜಜ್ಜಿ ಪುನರ್ಪುಳಿ ರಸದಲ್ಲಿ ಕಲಸಿ ಮೇಲೆ ಹಾಕಿದರೆ ಬೇರೇನೂ ಬೇಡ. ನಿಂಬೆಗಿಂತ ಪುನರ್ಪುಳಿಯ ಹುಳಿ ಈ ಕೆಂಪು ಮಾಂಸಕ್ಕೆ ಚೆನ್ನಾಗಿ ಕೂಡುತ್ತದೆ.

ನಡು ಹಸಿಯಾಗಿರುವುದು ಎಲ್ಲರಿಗೂ ಸೇರದು. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಹಾಗೆ ಕೊಡಲೂ ಬಾರದು. ಅಂಥವರಿರುವ ಮನೆಗೆ ಎರಡನೆಯ ದಾರಿ. ಸಣ್ಣ ಪಾತ್ರೆಯಲ್ಲಿ ಹೋಳು ಮುಳುಗುವಷ್ಟು ತೆಂಗಿನೆಣ್ಣೆ, ನಾಲ್ಕು ಕಾಳುಮೆಣಸು, ಕರಿಬೇವು, ಸಿಪ್ಪೆ ಸಮೇತ ಜಜ್ಜಿದ ಬೆಳ್ಳುಳ್ಳಿ. ಎಣ್ಣೆ ಚಟಪಟ ಎನ್ನಬಾರದು, ಗುಳ್ಳೆ ಏಳಬಾರದು. ಉರಿ ಸಣ್ಣದಾಗಿಯೇ ಇರಲಿ. ಇಪ್ಪತ್ತು ನಿಮಿಷದ ಹೊತ್ತಿಗೆ ಬಿಡಿಸಿ ನೋಡಿ. ನಡುವಿನ ಕೆಂಪು ಪೂರ್ತಿ ಹೋಗಿ ಮಾಂಸ ಎಸಳೆಸಳಾಗಿ ಬಿಡಿಸಿಕೊಂಡರೆ ಆಯಿತು, ಇಲ್ಲವಾದರೆ ಇನ್ನೂ ಸ್ವಲ್ಪ ಹೊತ್ತು ಬಿಡಿ. ಪೂರ್ತಿ ಬೆಂದರೂ ಒಣಗಿರುವುದಿಲ್ಲ, ಬೆಣ್ಣೆಯ ಹಾಗೆ ಮೆದು. ಡಬ್ಬಿಯ ಟ್ಯೂನಾ ತಿಂದು ಇಷ್ಟೇ ಎಂದುಕೊಂಡವರು ಇದನ್ನೊಮ್ಮೆ ತಿನ್ನಲೇಬೇಕು.

ಉಳಿದರೆ ಅದೇ ಎಣ್ಣೆಯೊಡನೆ ಫ್ರಿಜ್‌ನಲ್ಲಿಡಿ, ತೆಂಗಿನೆಣ್ಣೆ ಹೆಪ್ಪುಗಟ್ಟಿ ಹೋಳನ್ನು ಮುಚ್ಚಿಕೊಳ್ಳುತ್ತದೆ. ಮರುದಿನ ಬೆಳಿಗ್ಗೆ ಒಂದು ಚಮಚ ಆ ಎಣ್ಣೆ ಕರಗಿಸಿ, ಹಸಿ ಈರುಳ್ಳಿ, ಹಸಿಮೆಣಸಿನ ಜೊತೆ ಮೀನನ್ನು ಬೆರಳಲ್ಲೇ ಹಿಸುಕಿ ಕಲಸಿ. ಪಕ್ಕದಲ್ಲಿ ಬಿಸಿ ಕುಚ್ಚಲಕ್ಕಿ ಗಂಜಿ ಇರಲಿ.