ಲಿನಕ್ಸ್ ಫ್ರಮ್ ಸ್ಕ್ರ್ಯಾಚ್: ಪುಸ್ತಕದಲ್ಲಿಲ್ಲದ ಒಂದು ಅಧ್ಯಾಯ

ಗಣಕದ ಕಾರ್ಯಾಚರಣ ವ್ಯವಸ್ಥೆಯನ್ನು ಮೂಲ ಸಂಕೇತದಿಂದಲೇ, ಒಂದೊಂದು ತಂತ್ರಾಂಶವನ್ನೂ ಕಂಪೈಲ್ ಮಾಡುತ್ತ ಕಟ್ಟುವುದು ಹೇಗೆ? ಇದನ್ನು ಹೇಳಿಕೊಡಲು ಗೆರಾರ್ಡ್ ಬೀಕ್‌ಮನ್ಸ್ 1999ರಲ್ಲಿ ಆರಂಭಿಸಿದ ‘ಲಿನಕ್ಸ್ ಫ್ರಮ್ ಸ್ಕ್ರ್ಯಾಚ್’ ಎಂಬ ಇಂಗ್ಲಿಷ್ ಪುಸ್ತಕ ಇಂದಿಗೂ ಪರಿಷ್ಕರಣೆಗೊಳ್ಳುತ್ತ ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತದೆ. ವಿದ್ಯಾರ್ಥಿಗಳಿಗೆ ಇದನ್ನು ಪ್ರಾಜೆಕ್ಟ್ ಆಗಿ ಕೊಡುವ ಯೋಚನೆ ನಿಮಗಿದ್ದರೆ ಅದರ ಬಲವನ್ನೂ ಕೊರತೆಯನ್ನೂ ಮೊದಲೇ ತಿಳಿದಿರಬೇಕು.

ಭೌತವಿಜ್ಞಾನ ಕಲಿಸುವವರಿಗೆ ಕೂಡಲೇ ಹಿಡಿಸುವುದು ಇದರ ಕಾಲಮಾನ. ಯಂತ್ರದಿಂದ ಯಂತ್ರಕ್ಕೆ ವೇಗ ಬೇರೆಯಾದ್ದರಿಂದ ಪುಸ್ತಕ ನಿಮಿಷಗಳ ಲೆಕ್ಕ ಕೊಡುವುದಿಲ್ಲ. ಅಸೆಂಬ್ಲರ್, ಲಿಂಕರ್‌ಗಳನ್ನೊಳಗೊಂಡ ಬೈನ್‌ಯುಟಿಲ್ಸ್ ಅನ್ನು ಮೊದಲ ಸಲ ಕಟ್ಟಲು ನಿಮ್ಮ ಯಂತ್ರಕ್ಕೆ ಹಿಡಿದ ಕಾಲವೇ ಒಂದು ಮಾನ. ಅದು 2 ನಿಮಿಷವಾದರೆ, 4.5 ಮಾನದ ತಂತ್ರಾಂಶಕ್ಕೆ ಸುಮಾರು 9 ನಿಮಿಷ.

ಅದಕ್ಕಿಂತಲೂ ಮೆಚ್ಚತಕ್ಕದ್ದು ನಡುವೆ ಬರುವ ಪರೀಕ್ಷೆ. ಹೊಸ ಕಂಪೈಲರನ್ನು ಹಳೆಯ ವ್ಯವಸ್ಥೆಯ ಕಂಪೈಲರ್‌ನಿಂದಲೇ ಕಟ್ಟಬೇಕಷ್ಟೆ. ಹಳೆಯದರ ಸೋಂಕು ಹೊಸದಕ್ಕೆ ಅಂಟದಿರಲೆಂದು ಜಿಸಿಸಿ ಕಂಪೈಲರನ್ನು ಮೂರು ಸಲ ಕಟ್ಟಿಸುತ್ತಾರೆ. ಸಿ ಭಾಷೆಯ ಗ್ರಂಥಾಲಯವಾದ ಗ್ಲಿಬ್‌ಸಿ ಸಿದ್ಧವಾದೊಡನೆ, ಏನೂ ಮಾಡದ ಒಂದು ಸಾಲಿನ ಪ್ರೋಗ್ರಾಂ ಕಂಪೈಲ್ ಮಾಡಿಸಿ, ಅದು ಯಾವ ಡೈನಾಮಿಕ್ ಲಿಂಕರನ್ನು ಕೇಳುತ್ತದೆಂದು ನೋಡಿಸುತ್ತಾರೆ. ನಿರೀಕ್ಷಿತ ಹೆಸರು ಬಾರದಿದ್ದರೆ ಮುಂದೆ ಹೋಗಕೂಡದು. ಶೂನ್ಯ ದೋಷ ನೋಡದೆ ವರ್ನಿಯರ್ ಅಳತೆ ಬರೆದುಕೊಳ್ಳುವ ವಿದ್ಯಾರ್ಥಿಗಳಿಗೆ ಈ ಪುಟವನ್ನು ಓದಿಸಬೇಕು.

ಇನ್ನು ಕೊರತೆ. ಕಂಪೈಲ್ ನಡುವೆ ನಿಂತಾಗ ತೆರೆಯ ತಳದಲ್ಲಿ ಕಾಣುವುದು ‘ಮೇಕ್’ ಬರೆದ ಎರರ್ ಸಾಲು. ಏನೋ ಕೆಟ್ಟಿದೆ ಎನ್ನುತ್ತದೆಯೇ ಹೊರತು ಏನು ಕೆಟ್ಟಿದೆಯೆಂದು ಅದು ಹೇಳುವುದಿಲ್ಲ. ನಿಜವಾದ ಕಾರಣ ಅದಕ್ಕಿಂತ ಮೇಲೆ, ಕೆಲವೊಮ್ಮೆ ನೂರಾರು ಸಾಲು ಮೇಲೆ ಇರುತ್ತದೆ. ಪುಸ್ತಕಕ್ಕೆ ಇದು ತಿಳಿಯದೇ ಇಲ್ಲ. ಕಾನ್ಫಿಗರ್ ಹಂತದಲ್ಲಿ ತೊಂದರೆಯಾದರೆ ಕಾನ್ಫಿಗ್ ಲಾಗ್ ಕಡತ ನೋಡಿ ಎಂದೂ ಹೇಳಿದೆ. ಆದರೆ ಇದೆಲ್ಲ ಆರಂಭದ ಒಂದು ಕಿರು ವಿಭಾಗದಲ್ಲಿ, ಮುಖ್ಯವಾಗಿ ಇತರರ ನೆರವು ಕೇಳುವಾಗ ಏನೇನು ಮಾಹಿತಿ ಕೊಡಬೇಕೆಂಬ ಸೂಚನೆಯಾಗಿ ಬಂದಿದೆ. ಓದುಗ ತಾನೇ ದೋಷ ಹುಡುಕುವ ಕ್ರಮವಾಗಿ ಅಲ್ಲ. ಮುಂದಿನದೆಲ್ಲ ಆದೇಶಗಳ ಸಾಲು. ಅವುಗಳ ಆಯ್ಕೆಗಳಿಗೆ ವಿವರಣೆ ಇದೆ, ನಿಜ. ಆದರೆ ಓದದೆ ನಕಲು ಮಾಡಿ ಅಂಟಿಸಿದವನಿಗೂ ವ್ಯವಸ್ಥೆ ಸಿದ್ಧವಾಗುತ್ತದೆ. ಪೂರ್ಣ ಅಂಕವೂ ಸಿಗುತ್ತದೆ!

ಪ್ರಯೋಗಶಾಲೆಯ ಹಳೆಯ ಪ್ರಶ್ನೆಯನ್ನೇ ಇಲ್ಲಿಯೂ ಕೇಳಿಸಬೇಕಿತ್ತು: ಮತ್ತೆ ಮಾಡಿದರೆ ಅದೇ ಫಲಿತಾಂಶ ಬರುತ್ತದೆಯೇ? ಹಲವು ಕೆಲಸಗಳನ್ನು ಏಕಕಾಲದಲ್ಲಿ ನಡೆಸುವಾಗ ಒಂದು ಸೋತರೂ ಉಳಿದವು ಸಾಲುಗಳನ್ನು ಬರೆಯುತ್ತ ಹೋಗಿ ಮೊದಲ ದೋಷವನ್ನು ಹೂತುಬಿಡುತ್ತವೆ. ಹಾಗಾಗಿ ಆ ಡೈರೆಕ್ಟರಿಯನ್ನು ಅಳಿಸಿ, ಮೂಲ ಸಂಕೇತವನ್ನು ಹೊಸದಾಗಿ ಬಿಚ್ಚಿ, ಒಂದು ಸಲಕ್ಕೆ ಒಂದೇ ಕೆಲಸ ನಡೆಸಿ, ತೆರೆಯ ಮೇಲೆ ಬರುವುದೆಲ್ಲವನ್ನೂ ಕಡತದಲ್ಲಿ ಉಳಿಸಿಕೊಳ್ಳಿ. ಪ್ರತಿ ಸಲವೂ ಅದೇ ಕಡತದ ಅದೇ ಸಾಲಿನಲ್ಲಿ ನಿಂತರೆ, ಕೊಟ್ಟ ಆದೇಶವನ್ನೋ ತಂತ್ರಾಂಶದ ಆವೃತ್ತಿಯನ್ನೋ ಅನುಮಾನಿಸಿ. ಸಲಕ್ಕೊಂದು ಕಡೆ ನಿಂತರೆ ಮೆಮೊರಿ ಚಿಪ್ ಕೆಟ್ಟಿರಬಹುದು, ಪ್ರೊಸೆಸರ್ ಅತಿಯಾಗಿ ಕಾದಿರಬಹುದು. ಒಂದೊಂದೇ ಕೆಲಸ ನಡೆಸಿದಾಗ ಸರಾಗವಾಗಿ ಮುಗಿಯಿತೇ? ಹಾಗಾದರೆ ಮೊದಲ ಸಲ ಮೆಮೊರಿ ಸಾಲದೆ ಕರ್ನೆಲ್ಲೇ ಕಂಪೈಲರನ್ನು ನಿಲ್ಲಿಸಿತ್ತೇ ಎಂದು ಕರ್ನೆಲ್ ಸಂದೇಶಗಳಲ್ಲಿ ಹುಡುಕಿ. ಇಂಥ ವಿವೇಚನೆಗೆ ಪುಸ್ತಕದಲ್ಲಿ ಒಂದು ಅಧ್ಯಾಯವಿಲ್ಲ. ಅದನ್ನು ಬರೆಯಿಸುವುದು ಅಧ್ಯಾಪಕರ ಪಾಲಿಗೆ ಬಂದಿದೆ: ಸಿದ್ಧವಾದ ವ್ಯವಸ್ಥೆಗೆ ಕೊಡುವಷ್ಟೇ ಅಂಕವನ್ನು ವಿದ್ಯಾರ್ಥಿ ಇಟ್ಟ ದೋಷಗಳ ದಾಖಲೆಗೂ ಕೊಡಿ.

ಕೊನೆಯ ಘಟ್ಟವಾದ ಕರ್ನೆಲ್‌ನ ವಿಭಾಗವೂ ಅವಸರದ್ದೇ. ಅಗತ್ಯ ಆಯ್ಕೆಗಳ ಪಟ್ಟಿಯಿದೆ. ನಿಮ್ಮ ಯಂತ್ರದ ಡಿಸ್ಕ್‌ಗೆ ಬೇಕಾದ ಚಾಲಕ ಯಾವುದೆಂದು ನೀವೇ ಗೊತ್ತುಮಾಡಿಕೊಳ್ಳಬೇಕು. ಆ ಚಾಲಕವನ್ನು ಕರ್ನೆಲ್‌ನೊಳಗೆ ಸೇರಿಸದೆ ಬಿಡಿ ಮಾಡ್ಯೂಲ್ ಆಗಿ ಕಟ್ಟಿದರೆ, ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಂತೆ: ಮಾಡ್ಯೂಲ್ ಇರುವುದು ಅದೇ ಡಿಸ್ಕ್‌ನಲ್ಲಿ! ದಿನಗಟ್ಟಲೆ ದುಡಿದವನಿಗೆ ಕಡೆಗೆ ಕಾಣುವುದು ಕರ್ನೆಲ್ ಪ್ಯಾನಿಕ್. ಹಳೆಯ ವ್ಯವಸ್ಥೆಯಲ್ಲಿರುವಾಗಲೇ ‘ಎಲ್‌ಎಸ್‌ಪಿಸಿಐ’ ಆದೇಶವನ್ನು ‘ಕೆ’ ಆಯ್ಕೆಯೊಡನೆ ಕೊಡಿಸಿ, ಡಿಸ್ಕ್ ನಿಯಂತ್ರಕದ ಎದುರು ಕಾಣುವ ಚಾಲಕದ ಹೆಸರನ್ನು ಕಾಗದದಲ್ಲಿ ಬರೆಸಿಡಿ.