ನಿಂತ ಬೆಳೆಯ ಒಡೆತನ: ಋಣವಸೂಲಿಯ ಶಾಸನದ ಒಂದು ವಿಮರ್ಶೆ

ಪೈರು ನೆಲದ ಅಂಗವೋ, ನೆಲದ ಮೇಲಿರುವ ಬೇರೊಂದು ಸ್ವತ್ತೋ ಎಂಬ ಪ್ರಶ್ನೆ ಮೇಲ್ನೋಟಕ್ಕೆ ತರ್ಕವಿನೋದವೆನಿಸಬಹುದು. ಆದರೆ ಸಾಲದ ಡಿಕ್ರಿ ಅಮಲಿಗೆ ಬಂದು ಅಮೀನನು ಬದುವಿನ ಮೇಲೆ ನಿಂತಾಗ, ಒಂದು ಸಂಸಾರದ ವರ್ಷದ ಅನ್ನವೇ ಅದರ ಉತ್ತರವನ್ನು ಅವಲಂಬಿಸುತ್ತದೆ. ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯ ಕಡ್ಡಿರಾಂಪುರದ ಸುತ್ತಣ ಬಯಲನ್ನು ನಿದರ್ಶನವಾಗಿಟ್ಟುಕೊಂಡು, 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ನಿಲುವನ್ನು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ. 1953ರ ಅಕ್ಟೋಬರ್ 1ರಂದು ಈ ಸೀಮೆ ಮದರಾಸಿನಿಂದ ಮೈಸೂರಿಗೆ ಸೇರಿತು. 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ಆಡಳಿತ ಬದಲಾದರೂ ಸಂಹಿತೆಯ ಈ ನಿಯಮಗಳ ತಿರುಳು ಬದಲಾಗಲಿಲ್ಲ.

1897ರ ಸಾಮಾನ್ಯ ಖಂಡಗಳ ಅಧಿನಿಯಮದಂತೆ ಭೂಮಿಗೆ ಅಂಟಿದುದೂ ಸ್ಥಿರಸ್ವತ್ತು. 1882ರ ಸ್ವತ್ತು ವರ್ಗಾವಣೆ ಅಧಿನಿಯಮ ಮಾತ್ರ ಬೆಳೆಯುತ್ತಿರುವ ಪೈರನ್ನು ಸ್ಥಿರಸ್ವತ್ತಿನಿಂದ ಹೊರಗಿರಿಸಿತು. ಸಂಹಿತೆಯ 2(13)ನೆಯ ಪ್ರಕರಣವು ಅದನ್ನು ನೇರವಾಗಿ ಚರಸ್ವತ್ತಿಗೆ ಸೇರಿಸಿತು. ಆದ್ದರಿಂದ ನೆಲವನ್ನು ಮುಟ್ಟದೆ ಪೈರನ್ನಷ್ಟೇ ಜಪ್ತಿ ಮಾಡಬಹುದು.

ಜಪ್ತಿಯೆಂದರೆ ಒಡೆತನದ ಹಸ್ತಾಂತರವಲ್ಲ. 21ನೆಯ ಆದೇಶದ 44ನೆಯ ನಿಯಮದಂತೆ ವಾರಂಟಿನ ಪ್ರತಿಯನ್ನು ಹೊಲದಲ್ಲಿಯೂ, ಸಾಲಗಾರನ ಮನೆಯ ಹೊರಬಾಗಿಲಿಗೂ ಅಂಟಿಸುತ್ತಾರೆ. 45ನೆಯ ನಿಯಮದಂತೆ ಪೈರನ್ನು ಸಲಹಿ, ಕೊಯ್ದು, ಕೂಡಿಡುವ ಅವಕಾಶ ಸಾಲಗಾರನಿಗೇ ಉಂಟು. ಅವನು ಮಾಡದಿದ್ದರೆ ನ್ಯಾಯಾಲಯದ ಅನುಮತಿ ಪಡೆದು ಡಿಕ್ರಿದಾರನು ಮಾಡಬಹುದು. ಕೊಯ್ಲಾದ ಮಾತ್ರಕ್ಕೆ ಜಪ್ತಿ ಕಳಚುವುದಿಲ್ಲ. ಕೂಡಿಡಬಹುದಾದ ಬೆಳೆಯ ಹರಾಜು ಕೊಯ್ಲಾದ ಮೇಲೆಯೇ ನಡೆಯತಕ್ಕದ್ದು. ಹಸಿರು ಪೈರು ಅರ್ಧಬೆಲೆಗೆ ಹೋಗಬಾರದೆಂಬ ಈ ಎಚ್ಚರಿಕೆ ಮೆಚ್ಚತಕ್ಕದ್ದೇ. ಬೆಳೆಯ ಆಧಾರವಿಲ್ಲದಿದ್ದರೆ ಸಣ್ಣ ರೈತನಿಗೆ ಸಾಲ ಹುಟ್ಟುವುದೂ ಕಷ್ಟವೆಂಬುದನ್ನು ಮರೆಯಲಾಗದು.

ಆದರೆ ಈ ನಿಯಮಗಳು ಭತ್ತ ಜೋಳಗಳಿಗೆ ಹೊಂದುವಷ್ಟು ಕಬ್ಬು ಬಾಳೆಗಳಿಗೆ ಹೊಂದುವುದಿಲ್ಲ. ವಿಜಯನಗರ ಕಾಲದ ಕಾಲುವೆಗಳ ನೀರುಣ್ಣುವ ಈ ಬಯಲಿನಲ್ಲಿ ಅವು ಮುಖ್ಯ ಬೆಳೆಗಳು. ಕೂಡಿಡಲಾಗದ ಪೈರನ್ನು ಕೊಯ್ಲಿಗೆ ಬರುವ ಕಾಲಕ್ಕೆ ಇಪ್ಪತ್ತು ದಿನಗಳೊಳಗೆ ಜಪ್ತಿಮಾಡಕೂಡದೆಂದು ನಿಯಮವಿದೆ. ಬಾಳೆಯ ತೋಟದಲ್ಲಿ ಗೊನೆಗಳೆಲ್ಲ ಒಂದೇ ದಿನ ಬಲಿಯುವುದಿಲ್ಲವಾದುದರಿಂದ, ಈ ಇಪ್ಪತ್ತು ದಿನಗಳನ್ನು ಯಾವ ಗೊನೆಯಿಂದ ಎಣಿಸಬೇಕು? ಕಬ್ಬು ಕಡಿದ ಮೇಲೆ ಬುಡದಿಂದ ಚಿಗುರುವ ಕೂಳೆ ಯಾರದು? ಜಪ್ತಿಯಾದದ್ದು ಆ ವರ್ಷದ ಪೈರು. ಕೂಳೆಯೋ ಮುಂದಿನ ವರ್ಷದ್ದು.

60ನೆಯ ಪ್ರಕರಣವು ಜೀವನೋಪಾಯಕ್ಕೆ ಬೇಕಾದ ಬೇಸಾಯದ ಉಪಕರಣ, ದನ ಮತ್ತು ಬಿತ್ತನೆಯ ಕಾಳನ್ನು ಜಪ್ತಿಯಿಂದ ಕಾಯುತ್ತದೆ. ಭತ್ತದ ರೈತನ ಬೀಜ ಬೇರೆ ಚೀಲದಲ್ಲಿರುತ್ತದೆ. ಬಾಳೆಯ ರೈತನ ಬೀಜವು ಗಿಡದ ಬುಡದಲ್ಲಿಯೇ ಮರಿಯಾಗಿರುತ್ತದೆ. ಕಾಳನ್ನು ಕಾಯ್ದ ಶಾಸನ ಮರಿಯನ್ನೂ ಕೂಳೆಯನ್ನೂ ಹೆಸರಿಸಲಿಲ್ಲ. ಆ ಪ್ರಕರಣದ ಆಶಯವನ್ನು ನೋಡಿದರೆ ಇವೂ ಅದರ ನೆರಳಿನಲ್ಲಿರಬೇಕೆಂದು ನನ್ನ ಅಭಿಪ್ರಾಯ.

ಇನ್ನೊಂದು ಶಂಕೆ ನೆಲವೇ ಹರಾಜಾದಾಗ ಏಳುತ್ತದೆ. 65ನೆಯ ಪ್ರಕರಣದಂತೆ ಮಾರಾಟವು ಸ್ಥಿರಪಟ್ಟ ಮೇಲೆ, ಕೊಂಡವನ ಹಕ್ಕು ಹರಾಜಿನ ದಿನದಿಂದಲೇ ಬಂದಂತೆ ಎಣಿಕೆ. ನಡುವಣ ಅವಧಿಯಲ್ಲಿ ಸಾಲಗಾರನು ಬಿತ್ತಿದ ಪೈರಿನ ಮಾತು ಆ ಪ್ರಕರಣದಲ್ಲಿಲ್ಲ. ಸ್ವತ್ತು ವರ್ಗಾವಣೆ ಅಧಿನಿಯಮದ 51ನೆಯ ಪ್ರಕರಣವಾದರೋ, ಸದ್ಭಾವದಿಂದ ಭೂಮಿ ಪಡೆದು ಬಿತ್ತಿ, ಬಳಿಕ ಮೇಲಾದ ಹಕ್ಕುಳ್ಳವನಿಂದ ತೆರವಾದವನಿಗೆ ಪೈರನ್ನು ಕೊಯ್ದೊಯ್ಯುವ ಹಕ್ಕು ಕೊಟ್ಟಿದೆ. ತನ್ನದೇ ನೆಲದಲ್ಲಿ ಬಿತ್ತಿದವನಿಗೆ ಅಷ್ಟು ಸ್ಪಷ್ಟವಾದ ಆಸರೆಯಿಲ್ಲದಿರುವುದು ವಿಚಾರಾರ್ಹ.

ನೆಲ ಬೇರೆ, ಫಲ ಬೇರೆ ಎಂಬ ವಿವೇಕ ನಮಗೆ ಹೊಸತಲ್ಲ. ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿ ವಿಜ್ಞಾನೇಶ್ವರನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯಸ್ಮೃತಿಯು ಗೋಪ್ಯ, ಭೋಗ್ಯ ಎಂದು ಅಡವನ್ನು ವಿಂಗಡಿಸಿತು. ಫಲಕ್ಕೆ ಪ್ರತ್ಯೇಕ ಬೆಲೆಯುಂಟೆಂಬುದನ್ನು ಒಪ್ಪಿತು. 'ಭೋಗ್ಯ'ವೆಂಬ ಮಾತು ಇಂದಿಗೂ ರೈತರ ಬಾಯಲ್ಲಿದೆ. ಸಂಹಿತೆಯು ಈ ವಿವೇಕವನ್ನು ಸಾಲ ಕೊಟ್ಟವನ ಅನುಕೂಲಕ್ಕೆ ಪೂರ್ಣವಾಗಿ ಬಳಸಿಕೊಂಡಿದೆ. ಬಿತ್ತಿದವನ ರಕ್ಷಣೆಗೆ ಅರ್ಧವಷ್ಟೇ. ಮುಂದಿನ ಕೊಯ್ಲಿನವರೆಗೆ ಸಾಲಗಾರನ ಸಂಸಾರಕ್ಕೂ ಬೇಸಾಯಕ್ಕೂ ಬೇಕಾದ ಉತ್ಪನ್ನವನ್ನು ಜಪ್ತಿಯಿಂದ ಬಿಡಿಸುವ ಅಧಿಕಾರ 61ನೆಯ ಪ್ರಕರಣದಲ್ಲಿ ರಾಜ್ಯ ಸರಕಾರಕ್ಕಿದೆ. ಕೊರತೆಯನ್ನು ತುಂಬುವ ದಾರಿ ಹೀಗೆ ಶಾಸನದೊಳಗೇ ಇದೆ. ಆ ಅಧಿಕಾರವನ್ನು ಬೆಳೆಯ ಸ್ವಭಾವವರಿತು ಬಳಸಿದಲ್ಲಿ, ಸಾಲವೂ ತೀರೀತು, ಬೇಸಾಯವೂ ಉಳಿದೀತು.